ಕಾಯಂ ಸ್ಟೋಮಾ ಪಕ್ಕದಲ್ಲಿ ಹರ್ನಿಯಾ ಬಾರದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು. ನನ್ನ ತಂದೆಗೆ 61 ವರ್ಷ. ಗುದನಾಳದ ಕೆಳಭಾಗದಲ್ಲಿ ಕ್ಯಾನ್ಸರ್ ಇದ್ದುದರಿಂದ ಎರಡು ತಿಂಗಳ ಹಿಂದೆ ಶಸ್ತ್ರಚಿಕಿತ್ಸೆ ಮಾಡಿ, ಗುದದ್ವಾರವನ್ನು ಮುಚ್ಚಿ, ಹೊಟ್ಟೆಯ ಎಡಭಾಗದಲ್ಲಿ ಕಾಯಂ ಸ್ಟೋಮಾ (ಮಲ ಚೀಲಕ್ಕೆ ಬರುವಂತೆ ಕರುಳನ್ನು ಹೊರತಂದ ದ್ವಾರ) ಮಾಡಿದ್ದಾರೆ. ಚೀಲ ಬದಲಿಸುವುದನ್ನು ಅಮ್ಮ ಕಲಿತಿದ್ದಾರೆ. ಆದರೆ ಇದೇ ಶಸ್ತ್ರಚಿಕಿತ್ಸೆಯಾದ ಪಕ್ಕದೂರಿನವರೊಬ್ಬರಿಗೆ ಸ್ಟೋಮಾ ಪಕ್ಕ ತೆಂಗಿನಕಾಯಿಯಷ್ಟು ಉಬ್ಬು ಬಂದಿರುವುದನ್ನು ನೋಡಿದ ಮೇಲೆ ಅಪ್ಪ ಮಂಚ ಬಿಟ್ಟು ಏಳುವುದಕ್ಕೇ ಹೆದರುತ್ತಿದ್ದಾರೆ. ಅಡಿಕೆ ಕೊಯ್ಲು ಹತ್ತಿರ ಬರುತ್ತಿದೆ. ಅವರು ತೋಟದ ಕೆಲಸ ಮಾಡಬಹುದೇ? ಬೆಲ್ಟ್ ಹಾಕಿದರೆ ಸಾಕೇ? ಆಪರೇಷನ್ ಮಾಡುವಾಗಲೇ ಮೆಶ್ (ಹೊಟ್ಟೆಯ ಗೋಡೆಗೆ ಆಧಾರವಾಗುವ ಬಲೆ) ಇಡಬೇಕಿತ್ತು ಎಂದು ಸಂಬಂಧಿಕರೊಬ್ಬರು ಹೇಳುತ್ತಿದ್ದಾರೆ. ಅದು ನಿಜವೇ?

ಉತ್ತರ: ಮೊದಲು ನಿಮ್ಮ ತಂದೆಯವರನ್ನು ಮಂಚದಿಂದ ಎಬ್ಬಿಸಿ ನಡೆಸಿ. ಹರ್ನಿಯಾ ಬರುತ್ತದೆ ಎಂಬ ಭಯದಿಂದ ಮಲಗಿಯೇ ಇದ್ದರೆ ಹೊಟ್ಟೆಯ ಸ್ನಾಯುಗಳು ಸಡಿಲವಾಗುತ್ತವೆ, ಎದೆಯಲ್ಲಿ ಕಫ ಕಟ್ಟುತ್ತದೆ, ಮಲ ಗಟ್ಟಿಯಾಗುತ್ತದೆ, ತೂಕವೂ ಏರುತ್ತದೆ. ಈ ನಾಲ್ಕೂ ಹರ್ನಿಯಾಕ್ಕೆ ದಾರಿ ಮಾಡಿಕೊಡುವ ಸಂಗತಿಗಳೇ. ನೀವು ತೋಟದ ಕೆಲಸದ ಬಗ್ಗೆ ಕೇಳಿದ್ದೀರಿ, ಕೆಮ್ಮಿನ ಬಗ್ಗೆ ಕೇಳಿಲ್ಲ. ನನ್ನ ಬಳಿ ಬರುವ ಹೆಚ್ಚಿನ ಕುಟುಂಬಗಳೂ ಹೀಗೆಯೇ ಕೇಳುತ್ತವೆ. ಆದ್ದರಿಂದ ಈ ಉತ್ತರದ ಬಹುಪಾಲು ಕೆಮ್ಮು, ಮುಕ್ಕುವುದು (ಮಲ, ಮೂತ್ರಕ್ಕೆ ತಿಣುಕುವುದು) ಮತ್ತು ಏಳುವ ರೀತಿಯ ಬಗ್ಗೆಯೇ ಇರುತ್ತದೆ.

ಹರ್ನಿಯಾ ಏಕೆ ಬರುತ್ತದೆ ಎಂಬುದನ್ನು ನಮ್ಮ ಕಡೆಯ ಕೆರೆಗಳನ್ನು ನೋಡಿದವರು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಕೆರೆಯ ಏರಿ ಎಷ್ಟೇ ಗಟ್ಟಿಯಾಗಿದ್ದರೂ ತೂಬು ಕೂರಿಸಿದ ಜಾಗದ ಸುತ್ತ ಮಣ್ಣು ಸಡಿಲವಾಗಿ ನೀರು ಜಿನುಗಲು ಶುರುವಾಗುತ್ತದೆ. ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಹೊಟ್ಟೆಯ ಗೋಡೆಯನ್ನು ಕೊಯ್ದರೆ ಕೊನೆಗೆ ಹೊಲಿದು ಪೂರ್ತಿ ಮುಚ್ಚುತ್ತೇವೆ. ಸ್ಟೋಮಾದಲ್ಲಿ ಮಾತ್ರ ಗೋಡೆಯ ಸ್ನಾಯು ಮತ್ತು ಅದರ ಗಟ್ಟಿ ಪೊರೆಯಲ್ಲಿ ಒಂದು ಕಂಡಿಯನ್ನು ಉದ್ದೇಶಪೂರ್ವಕವಾಗಿಯೇ ಉಳಿಸಿ, ಅದರ ಮೂಲಕ ದೊಡ್ಡ ಕರುಳಿನ ತುದಿಯನ್ನು ಹೊರಗೆ ತರುತ್ತೇವೆ. ಹೊಟ್ಟೆಯೊಳಗಿನ ಒತ್ತಡ ವರ್ಷಗಟ್ಟಲೆ ಆ ಕಂಡಿಯ ಅಂಚನ್ನು ತಳ್ಳುತ್ತಲೇ ಇರುತ್ತದೆ. ಅಂಚು ಹಿಗ್ಗಿದಾಗ ಕರುಳಿನ ಇನ್ನೊಂದು ಭಾಗವೋ ಕೊಬ್ಬಿನ ಪೊರೆಯೋ ಅದರ ಪಕ್ಕದಿಂದ ಚರ್ಮದಡಿಗೆ ನುಸುಳುತ್ತದೆ. ನಿಮ್ಮ ತಂದೆಯವರು ಕಂಡ ಉಬ್ಬು ಅದು.

ಇದು ಅಪರೂಪದ ತೊಂದರೆಯಲ್ಲ. ಯುರೋಪಿನ ಹರ್ನಿಯಾ ತಜ್ಞರ ಸಂಘದ ಮಾರ್ಗಸೂಚಿಯ ಪ್ರಕಾರ ಕಾಯಂ ಕೊಲಾಸ್ಟಮಿ (ದೊಡ್ಡ ಕರುಳಿನ ಸ್ಟೋಮಾ) ಇರುವವರಲ್ಲಿ ಮೊದಲ ವರ್ಷದ ಕೊನೆಗೆ ನೂರಕ್ಕೆ 30ಕ್ಕಿಂತ ಹೆಚ್ಚು, ಎರಡನೇ ವರ್ಷಕ್ಕೆ 40, ಆಮೇಲೆ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಯಾವುದಾದರೂ ಪ್ರಮಾಣದ ಹರ್ನಿಯಾ ಕಾಣಿಸುತ್ತದೆ. ಈ ಸಂಖ್ಯೆಗಳನ್ನು ತಂದೆಯವರಿಗೆ ಹೇಳುವಾಗ ಇನ್ನೊಂದು ಮಾತನ್ನೂ ಸೇರಿಸಿ ಹೇಳಿ. ಇವುಗಳಲ್ಲಿ ಬಹಳಷ್ಟು ಚಿಕ್ಕವು. ಕೆಲವು ಸ್ಕ್ಯಾನ್ ಮಾಡಿದಾಗ ಮಾತ್ರ ಗೊತ್ತಾಗುತ್ತವೆ. ಹೆಚ್ಚಿನವಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ತೆಂಗಿನಕಾಯಿಯಷ್ಟಾಗುವುದು ಎಲ್ಲರ ಪಾಡೂ ಅಲ್ಲ. ಆದರೆ ಮೊದಲ ಎರಡು ವರ್ಷಗಳಲ್ಲೇ ಹೆಚ್ಚಿನವು ಶುರುವಾಗುವುದರಿಂದ ಎಚ್ಚರಿಕೆ ಈಗಿನಿಂದಲೇ ಬೇಕು.

ಇನ್ನು ಒತ್ತಡದ ವಿಷಯ. 2005ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕರು ಇಪ್ಪತ್ತು ಮಂದಿ ಆರೋಗ್ಯವಂತ ಯುವಕ ಯುವತಿಯರ ಹೊಟ್ಟೆಯೊಳಗಿನ ಒತ್ತಡವನ್ನು ಬೇರೆ ಬೇರೆ ಭಂಗಿಗಳಲ್ಲಿ ಅಳೆದು ಪ್ರಕಟಿಸಿದರು. ರಕ್ತದೊತ್ತಡ ಅಳೆಯುವ ಅದೇ ಮಾನದಲ್ಲಿ ಹೇಳುವುದಾದರೆ, ಅಂಗಾತ ಮಲಗಿದಾಗ ಅದು ಸುಮಾರು 2, ನಿಂತಾಗ ಸುಮಾರು 20. ನಿಂತು ಕೆಮ್ಮಿದಾಗ 100 ದಾಟಿತ್ತು. ನಾಲ್ಕೂವರೆ ಕಿಲೋದಷ್ಟು ತೂಕವನ್ನು ಕೈಯಲ್ಲಿ ಹಿಡಿದು ನಿಂತಾಗ ಬರಿದೇ ನಿಂತಿದ್ದಕ್ಕಿಂತ ತುಸು ಮಾತ್ರ ಏರಿತ್ತು. ಒಂದು ಸಣ್ಣ ಭಾರವನ್ನು ಮುಟ್ಟಲೂ ಹೆದರುವ ಮನುಷ್ಯ ದಿನಕ್ಕೆ ನೂರು ಸಲ ಆಧಾರವಿಲ್ಲದೆ ಕೆಮ್ಮುತ್ತಿದ್ದರೆ, ಅವರು ಕಾಯುತ್ತಿರುವ ಬಾಗಿಲೇ ಬೇರೆ, ಕಳ್ಳ ಬರುತ್ತಿರುವ ಬಾಗಿಲೇ ಬೇರೆ.

ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ ನನಗೆ ಈಗಲೂ ನೆನಪಾಗುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೇಲೆ ಮನೆಯವರು ಅವರಿಗೆ ಒಂದು ಚೊಂಬು ನೀರನ್ನೂ ಎತ್ತಲು ಬಿಟ್ಟಿರಲಿಲ್ಲ. ಬಾವಿಯಿಂದ ನೀರು ಸೇದುವುದು, ಕೊಟ್ಟಿಗೆ ಕೆಲಸ ಎಲ್ಲವನ್ನೂ ಸೊಸೆಯಂದಿರು ನೋಡಿಕೊಂಡಿದ್ದರು. ಕೂತು ಮಾಡುವ ಕೆಲಸ ಎಂದು ಬಚ್ಚಲೊಲೆಗೆ ಬೆಂಕಿ ಹಾಕುವುದನ್ನು ಮಾತ್ರ ಅವರಿಗೆ ಬಿಟ್ಟಿದ್ದರು. ಆ ಮಳೆಗಾಲವೆಲ್ಲ ಹಸಿ ಸೌದೆಯ ಹೊಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಊದುಗೊಳವೆಯಿಂದ ಊದಿ ಊದಿ, ಕೆಮ್ಮಿ ಕೆಮ್ಮಿ, ದೀಪಾವಳಿಯ ಹೊತ್ತಿಗೆ ಸ್ಟೋಮಾದ ಹೊರಬದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಮೂಡಿತ್ತು. ಕುಕ್ಕರುಗಾಲು, ಊದುವುದು, ಕೆಮ್ಮುವುದು, ಮೂರೂ ಒಟ್ಟಿಗೆ ಹೊಟ್ಟೆಯನ್ನು ಒತ್ತುವ ಕೆಲಸಗಳು. ಆಸ್ಪತ್ರೆಯಿಂದ ಕಳಿಸುವಾಗ ಮನೆಯವರಿಗೆ ‘ಭಾರ ಎತ್ತಬೇಡಿ’ ಎಂದಷ್ಟೇ ಹೇಳಿದ್ದೆ, ಒಲೆಯ ಬಗ್ಗೆ ಕೇಳಿರಲಿಲ್ಲ. ಈಗ ಪ್ರತಿಯೊಬ್ಬರನ್ನೂ ಕೇಳುತ್ತೇನೆ.

ಆದ್ದರಿಂದ ತಂದೆಯವರಿಗೆ ಬೀಡಿ, ಸಿಗರೇಟಿನ ಅಭ್ಯಾಸವಿದ್ದರೆ ಅದನ್ನು ಇಂದೇ ನಿಲ್ಲಿಸಬೇಕು. ಬೀಡಿಯಿಂದ ಕೆಮ್ಮು ಬರುತ್ತದೆ ಎಂಬುದು ಒಂದು ಕಾರಣ. ಹೊಗೆಯು ಗಾಯ ಮಾಯುವಾಗ ಕೂಡಬೇಕಾದ ನಾರಿನ ಅಂಶವನ್ನೇ ಬಲಹೀನಗೊಳಿಸುತ್ತದೆ ಎಂಬುದು ಇನ್ನೊಂದು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರಾದರೆ ಅದೂ ಬೇಡ. ಆಸ್ತಮಾ, ದಮ್ಮು ಇದ್ದರೆ ಇನ್‌ಹೇಲರ್ ಅನ್ನು ಕೆಮ್ಮು ಬಂದಾಗ ಮಾತ್ರವಲ್ಲದೆ ವೈದ್ಯರು ಹೇಳಿದಂತೆ ದಿನವೂ ಬಳಸಬೇಕು. ಅಡಿಕೆ ಬೇಯಿಸುವ ಹಂಡೆಯ ಹೊಗೆ ಮತ್ತು ಒಣಗಿದ ಚಾಲಿ ಸುಲಿಯುವ ಯಂತ್ರದ ದೂಳಿನಿಂದ ಈ ವರ್ಷ ದೂರವಿರಲಿ. ಕೆಮ್ಮು ಅಥವಾ ಸೀನು ಬಂದೇ ಬಂದರೆ ಏನು ಮಾಡಬೇಕೆಂಬುದನ್ನು ಈಗಲೇ ಅಭ್ಯಾಸ ಮಾಡಿಸಿ: ಎಡ ಅಂಗೈಯನ್ನು ಬಿಡಿಸಿ ಚೀಲದ ಮೇಲಿನಿಂದಲೇ ಸ್ಟೋಮಾ ಮತ್ತು ಅದರ ಸುತ್ತಲಿನ ಹೊಟ್ಟೆಯ ಮೇಲೆ ಮೆತ್ತಗೆ ಆದರೆ ದೃಢವಾಗಿ ಒತ್ತಿ ಹಿಡಿಯಬೇಕು, ಮುಂದಕ್ಕೆ ಸ್ವಲ್ಪ ಬಾಗಬೇಕು, ಆಮೇಲೆ ಕೆಮ್ಮಬೇಕು. ಕೈಗಿಂತ ಮಡಿಸಿದ ಟವೆಲ್ ಅಥವಾ ಚಿಕ್ಕ ದಿಂಬು ಹಿತವಾಗುತ್ತದೆ. ಒಂದು ವಾರ ಪಕ್ಕದಲ್ಲಿದ್ದವರು ನೆನಪಿಸಿದರೆ ಆಮೇಲೆ ಕೆಮ್ಮು ಬರುವ ಮೊದಲೇ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಮುಕ್ಕುವುದನ್ನೂ ಇಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಕೊಲಾಸ್ಟಮಿ ಇರುವವರಿಗೆ ಮಲವನ್ನು ತಡೆಯುವ ಅಥವಾ ತಳ್ಳುವ ಅಗತ್ಯವಿಲ್ಲ, ಅದು ತನ್ನ ಹೊತ್ತಿಗೆ ತಾನೇ ಚೀಲಕ್ಕೆ ಬರುತ್ತದೆ. ಆದರೂ ಅರವತ್ತು ವರ್ಷದ ಅಭ್ಯಾಸ ಒಂದೇ ಸಲಕ್ಕೆ ಹೋಗುವುದಿಲ್ಲ, ಮಲ ಗಟ್ಟಿಯಾದಾಗ ಅನೇಕರು ಗೊತ್ತಿಲ್ಲದೆಯೇ ಮುಕ್ಕುತ್ತಾರೆ. ಹೃದಯ ಅಥವಾ ಕಿಡ್ನಿಯ ಕಾರಣಕ್ಕೆ ನೀರು ಕಡಿಮೆ ಕುಡಿಯಲು ವೈದ್ಯರು ಹೇಳಿಲ್ಲದಿದ್ದರೆ ದಿನಕ್ಕೆ ಎರಡು ಲೀಟರಿನಷ್ಟು ನೀರು, ಮಜ್ಜಿಗೆ, ತಂಬುಳಿ, ಗಂಜಿ ಯಾವ ರೂಪದಲ್ಲಾದರೂ ಹೋಗಲಿ. ಪಪ್ಪಾಯಿ, ಬಸಳೆ, ಹರಿವೆ, ಬೇಯಿಸಿದ ತರಕಾರಿ ಒಳ್ಳೆಯದು. ಕಳಲೆ, ಹಲಸಿನ ಗುಜ್ಜೆ, ಅಣಬೆಯಂಥ ನಾರಿನ ಪದಾರ್ಥಗಳನ್ನು ಸಣ್ಣಗೆ ಹೆಚ್ಚಿ ಚೆನ್ನಾಗಿ ಬೇಯಿಸಿ, ಸ್ವಲ್ಪ ಸ್ವಲ್ಪವಾಗಿ, ಅಗಿದು ತಿನ್ನಲಿ. ಎರಡು ದಿನ ಚೀಲಕ್ಕೆ ಏನೂ ಬಾರದೆ ಹೊಟ್ಟೆ ಬಿಗಿದರೆ ಮನೆಮದ್ದು ಮಾಡುತ್ತಾ ಕೂರದೆ ವೈದ್ಯರನ್ನು ಕೇಳಿ. ಹೆಚ್ಚಿನವರು ಹೇಳಲು ಸಂಕೋಚಪಡುವ ಇನ್ನೊಂದು ಸಂಗತಿಯಿದೆ: ಈ ವಯಸ್ಸಿನ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರಕ್ಕೂ ಮುಕ್ಕಬೇಕಾಗುತ್ತದೆ. ಗುದನಾಳದ ಶಸ್ತ್ರಚಿಕಿತ್ಸೆಯ ನಂತರ ಮೂತ್ರದ ತೊಂದರೆ ಬರುವುದೂ ಉಂಟು. ರಾತ್ರಿ ಎಷ್ಟು ಸಲ ಏಳುತ್ತಾರೆ, ಮೂತ್ರ ಹೊಯ್ಯಲು ಒತ್ತಡ ಹಾಕಬೇಕೇ ಎಂದು ನೀವೇ ಕೇಳಿ ತಿಳಿದುಕೊಳ್ಳಿ. ಮಾತ್ರೆಗಳಿಂದ ಬಹಳಷ್ಟು ಸುಧಾರಿಸುವ ತೊಂದರೆ ಅದು.

ಏಳುವ ಕ್ರಮವನ್ನು ಬದಲಿಸಬೇಕು. ಅಂಗಾತ ಮಲಗಿದವರು ತಲೆ ಎತ್ತಿ ನೇರವಾಗಿ ಎದ್ದು ಕೂತರೆ ಹೊಟ್ಟೆಯ ನಡುವಿನ ಸ್ನಾಯುಗಳೆಲ್ಲ ಒಮ್ಮೆಗೇ ಬಿಗಿಯುತ್ತವೆ. ಅದರ ಬದಲು ಮೊಣಕಾಲು ಮಡಿಸಿ, ಇಡೀ ಮೈಯನ್ನು ಒಂದೇ ದಿಮ್ಮಿಯಂತೆ ಪಕ್ಕಕ್ಕೆ ಹೊರಳಿಸಿ, ಕಾಲನ್ನು ಮಂಚದಿಂದ ಇಳಿಬಿಟ್ಟು, ಮೊಣಕೈ ಊರಿ ಏಳಲಿ. ನೆಲದ ಮೇಲೆ ಚಾಪೆ ಹಾಸಿ ಮಲಗುವವರಾದರೆ ಕೆಲವು ತಿಂಗಳು ಮಂಚ ಬೇಕೇ ಬೇಕು. ಊಟಕ್ಕೂ ನೆಲದ ಮಣೆ ಬಿಟ್ಟು ಕುರ್ಚಿಯಲ್ಲಿ ಕೂರಲಿ.

ತೋಟಕ್ಕೆ ಹೋಗಬಹುದೇ ಎಂದರೆ, ನಡೆದುಕೊಂಡು ಹೋಗಿ ನೋಡಿ ಬರಲು ಈಗಲೇ ಹೋಗಬಹುದು, ಹೋಗಬೇಕು ಕೂಡ. ಕಾಲುಸಂಕ ದಾಟುವಾಗ, ಪಾಚಿ ಕಟ್ಟಿದ ದಾರಿಯಲ್ಲಿ ಇಳಿಯುವಾಗ ಯಾರಾದರೂ ಜೊತೆಗಿರಲಿ, ಏಕೆಂದರೆ ಜಾರಿದಾಗ ಮೈ ಹಿಡಿದುಕೊಳ್ಳುವ ಆ ಕ್ಷಣದ ಬಿಗಿತ ಯಾವ ಹೊರೆಗೂ ಕಡಿಮೆಯಲ್ಲ. ಭಾರದ ವಿಷಯದಲ್ಲಿ ಮೊದಲ ಆರು ವಾರ ಎರಡು ಮೂರು ಕಿಲೋ ಮೀರಬಾರದು ಎನ್ನುತ್ತೇವೆ, ನಿಮ್ಮ ತಂದೆಯವರು ಆ ಆರು ವಾರಗಳನ್ನು ದಾಟಿದ್ದಾರೆ. ಮೂರು ತಿಂಗಳು ತುಂಬುವವರೆಗೂ ಹೆಚ್ಚುಕಡಿಮೆ ಅದೇ ಮಿತಿಯಲ್ಲಿರಲಿ. ಆಮೇಲೆ ನಿಧಾನವಾಗಿ ಏರಿಸಬಹುದು: ಅರ್ಧ ಬಿಂದಿಗೆ ನೀರು, ಸಣ್ಣ ಬುಟ್ಟಿ ಸೊಪ್ಪು. ವಸ್ತುವನ್ನು ಮೈಗೆ ಹತ್ತಿರ ಹಿಡಿದು, ಸೊಂಟ ಬಾಗಿಸದೆ ಮೊಣಕಾಲು ಮಡಿಸಿ, ಉಸಿರು ಬಿಡುತ್ತಾ ಎತ್ತಲಿ. ಉಸಿರು ಕಟ್ಟಿ ಎತ್ತಬೇಕಾದಷ್ಟು ಭಾರ ಯಾವುದೇ ಆಗಿರಲಿ, ಅದು ಅವರಿಗೆ ಹೆಚ್ಚಿನ ಭಾರ. ಗೊಬ್ಬರದ ಹೆಡಿಗೆ, ಅಡಿಕೆ ಮೂಟೆ, ಬೆನ್ನಿಗೆ ಕಟ್ಟುವ ಔಷಧಿ ಸ್ಪ್ರೇಯರ್ ಇವುಗಳನ್ನು ಮುಂದೆಯೂ ಬೇರೆಯವರೇ ಹೊರಲಿ. ಮರ ಹತ್ತುವುದು ಬೇಡವೇ ಬೇಡ. ಹೊಟ್ಟೆ ಮರಕ್ಕೆ ಒತ್ತುತ್ತದೆ, ಕಾಲಿನ ತಳೆಯ ಮೇಲೆ ಮೈಯನ್ನು ಎತ್ತುವಾಗ ಗೋಡೆಯೆಲ್ಲ ಬಿಗಿಯುತ್ತದೆ. ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ ಎಂದು ಹೇಳುತ್ತಾರೆ, ಆದರೆ ಅದರ ತುದಿಯಲ್ಲಿ ಅಡಿಕೆಗೊನೆ ಸಿಕ್ಕಿಸಿ ಎಳೆಯುವ ಜಗ್ಗಾಟ ಹಗುರವಲ್ಲ. ಈ ಕೊಯ್ಲಿನಲ್ಲಿ ಅದೂ ಬೇಡ ಎಂಬುದು ನನ್ನ ಅಭಿಪ್ರಾಯ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಹಣ್ಣಡಿಕೆ, ಹಸಿರಡಿಕೆ ಬೇರೆ ಮಾಡುವುದು, ಲೆಕ್ಕ ಬರೆಯುವುದು ಧಾರಾಳವಾಗಿ ಮಾಡಲಿ.

ವ್ಯಾಯಾಮವನ್ನು ಮೂರು ಹಂತದಲ್ಲಿ ಕಲಿಸುತ್ತೇನೆ. ಮೊದಲನೆಯದು, ಮಲಗಿ ಮೊಣಕಾಲು ಮಡಿಸಿ, ಮೂಗಿನಿಂದ ಉಸಿರು ತೆಗೆದುಕೊಂಡು, ಬಿಡುವಾಗ ಹೊಕ್ಕುಳಿನ ಕೆಳಗಿನ ಹೊಟ್ಟೆಯನ್ನು ಬೆನ್ನಿನ ಕಡೆಗೆ ಮೆಲ್ಲನೆ ಎಳೆದು ಮೂರು ನಾಲ್ಕು ಎಣಿಸುವವರೆಗೆ ಹಿಡಿಯುವುದು. ಅದು ಸುಲಭವಾದ ಮೇಲೆ ಅದೇ ಭಂಗಿಯಲ್ಲಿ ಸೊಂಟದ ಹಿಂಭಾಗವನ್ನು ಹಾಸಿಗೆಗೆ ಒತ್ತಿ ಬಿಡುವುದು. ಕೊನೆಗೆ ಜೋಡಿಸಿದ ಮೊಣಕಾಲುಗಳನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ವಾಲಿಸುವುದು. ಪ್ರತಿಯೊಂದನ್ನೂ ಐದು ಸಲದಿಂದ ಶುರುಮಾಡಿ, ಹತ್ತಕ್ಕೆ ಏರಿಸಿ, ದಿನಕ್ಕೆ ಎರಡು ಮೂರು ಹೊತ್ತು ಮಾಡಲಿ, ನೋವಾದರೆ ನಿಲ್ಲಿಸಲಿ. ಉತ್ತರ ಐರ್ಲೆಂಡಿನ ಇಬ್ಬರು ಸ್ಟೋಮಾ ದಾದಿಯರು ಇಂಥ ಸರಳ ವ್ಯಾಯಾಮ, ಭಾರದ ಮಿತಿ ಮತ್ತು ಹೊಟ್ಟೆಯ ಆಧಾರ ಈ ಮೂರನ್ನೂ ಸೇರಿಸಿ ರೋಗಿಗಳಿಗೆ ಕಲಿಸಿದಾಗ ಹರ್ನಿಯಾ ಪ್ರಮಾಣ ಗಣನೀಯವಾಗಿ ಇಳಿಯಿತೆಂದು 2005ರಲ್ಲಿ ವರದಿ ಮಾಡಿದರು. ಅದು ದೊಡ್ಡ ಅಧ್ಯಯನವಲ್ಲ, ಆದರೆ ಖರ್ಚಿಲ್ಲದ, ಅಪಾಯವಿಲ್ಲದ ಉಪಾಯವಾದ್ದರಿಂದ ನಾನು ಎಲ್ಲರಿಗೂ ಹೇಳಿಕೊಡುತ್ತೇನೆ. ಯೋಗಾಭ್ಯಾಸ ಇದ್ದರೆ ಅನುಲೋಮ ವಿಲೋಮಕ್ಕೆ ಅಡ್ಡಿಯಿಲ್ಲ. ಕಪಾಲಭಾತಿ, ನೌಲಿ, ಎರಡೂ ಕಾಲನ್ನು ಒಟ್ಟಿಗೆ ಎತ್ತುವ ಆಸನಗಳು ಬೇಡ.

ಬೆಲ್ಟ್ ಒಂದರಿಂದಲೇ ಸಾಲದು. ಅದೊಂದೇ ಹರ್ನಿಯಾ ತಡೆಯುತ್ತದೆ ಎಂದು ಸಾಬೀತುಮಾಡುವ ಗಟ್ಟಿ ಆಧಾರವಿಲ್ಲ. ಆದರೂ ಕೆಲಸ ಮಾಡುವ ಹೊತ್ತಿನಲ್ಲಿ, ಬಸ್ಸಿನ ಪ್ರಯಾಣದಲ್ಲಿ, ಕೆಮ್ಮು ಇರುವ ದಿನಗಳಲ್ಲಿ ಹಾಕಿಕೊಳ್ಳಲು ಸಲಹೆ ಮಾಡುತ್ತೇನೆ. ಕೊಳ್ಳುವಾಗ ಗೊಂದಲವಾಗುತ್ತದೆ. ಚೀಲದ ಎರಡು ಕಿವಿಗೆ ಸಿಕ್ಕಿಸುವ ಕಿರಿದಾದ ಎಲಾಸ್ಟಿಕ್ ಪಟ್ಟಿ ಚೀಲವನ್ನು ಹಿಡಿದಿಡುವುದಕ್ಕೆ ಮಾತ್ರ, ಹರ್ನಿಯಾಕ್ಕಲ್ಲ. ಮೆಡಿಕಲ್ ಅಂಗಡಿಯಲ್ಲಿ ಹರ್ನಿಯಾ ಬೆಲ್ಟ್ ಕೇಳಿದರೆ ತೊಡೆಸಂದಿನ ಹರ್ನಿಯಾದ್ದನ್ನು ಕೊಡಬಹುದು, ಸೊಂಟನೋವಿನ ಬೆಲ್ಟಿನಲ್ಲಿ ಗಟ್ಟಿ ಪಟ್ಟಿಗಳಿರುತ್ತವೆ, ಎರಡೂ ಬೇಡ. ಸ್ಟೋಮಾದವರಿಗೆಂದೇ ಇರುವ ಅಗಲವಾದ ಬೆಲ್ಟನ್ನು ಅಳತೆ ತೆಗೆಸಿ ಕೊಳ್ಳಬೇಕು. ಬೆಳಿಗ್ಗೆ ಏಳುವ ಮೊದಲು, ಚೀಲ ಖಾಲಿ ಮಾಡಿ, ಮಲಗಿದಲ್ಲೇ ಕಟ್ಟಿಕೊಳ್ಳಬೇಕು, ಎದ್ದು ನಿಂತ ಮೇಲೆ ಕಟ್ಟಿದರೆ ಒಳಗಿನದ್ದು ಆಗಲೇ ಮುಂದೆ ಬಂದಿರುತ್ತದೆ. ಎರಡು ಗಂಟೆಗೊಮ್ಮೆ ಚೀಲ ತುಂಬಿದೆಯೇ, ಸ್ಟೋಮಾ ಒತ್ತಿಹೋಗಿದೆಯೇ ನೋಡಿಕೊಳ್ಳಲಿ. ರಾತ್ರಿ ತೆಗೆಯಲಿ. ಪಂಚೆಯ ಗಂಟನ್ನೂ ಉಡಿದಾರವನ್ನೂ ಮರೆಯಬೇಡಿ. ಒಬ್ಬ ಹಿರಿಯರ ಸ್ಟೋಮಾದ ಮೇಲೆ ಉಡಿದಾರ ಕೊರೆದು ಕೆಂಪು ಗೆರೆ ಮೂಡಿದ್ದನ್ನು ನಾನು ಕಂಡಿದ್ದೇನೆ. ಬಿಚ್ಚಲು ಮನಸ್ಸಾಗದೆ ಅದರ ಮೇಲೆಯೇ ಚೀಲ ಅಂಟಿಸುತ್ತಿದ್ದರು. ಉಡಿದಾರವನ್ನು ಸಡಿಲ ಮಾಡಿ ಕೆಳಗೆ ಇಳಿಸಿದರೆ ಸಂಪ್ರದಾಯಕ್ಕೂ ಭಂಗವಿಲ್ಲ.

ತೂಕದ ವಿಷಯದಲ್ಲಿ ಅಮ್ಮನವರ ಸಹಕಾರ ಬೇಕು. ದೊಡ್ಡ ಆಪರೇಷನ್ ಆದವರಿಗೆ ಬಾಣಂತಿಗೆ ಮಾಡಿದಂತೆ ತುಪ್ಪ, ಬೆಲ್ಲ ಹಾಕಿ ಆರೈಕೆ ಮಾಡುವುದು ನಮ್ಮಲ್ಲಿ ಪ್ರೀತಿಯ ರೀತಿ. ಬೇಕಾಗಿರುವುದು ಬೇಳೆ, ಮೊಟ್ಟೆ, ಮೀನು, ಹಾಲಿನಂಥ ಪ್ರೋಟೀನ್. ಸೊಂಟದ ಸುತ್ತಳತೆ 100 ಸೆಂಟಿಮೀಟರ್ ದಾಟಿದವರಲ್ಲಿ ಈ ಹರ್ನಿಯಾ ಹೆಚ್ಚು. ತಿಂಗಳಿಗೊಮ್ಮೆ ದರ್ಜಿಯ ಟೇಪಿನಿಂದ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ.

ಮೆಶ್ ಬಗ್ಗೆ ನಿಮ್ಮ ಸಂಬಂಧಿಕರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದಕ್ಕಾಗಿ ನಿಮ್ಮ ಶಸ್ತ್ರಚಿಕಿತ್ಸಕರನ್ನು ದೂರುವಂತಿಲ್ಲ. ಕಾಯಂ ಕೊಲಾಸ್ಟಮಿ ಮಾಡುವಾಗಲೇ ಕಂಡಿಯ ಸುತ್ತ ಸಿಂಥೆಟಿಕ್ ಬಲೆ ಇಡುವುದು ಒಳ್ಳೆಯದೆಂದು ನಾನು ಮೇಲೆ ಹೇಳಿದ ಯುರೋಪಿನ ಮಾರ್ಗಸೂಚಿಯೇ ಹೇಳಿತ್ತು. ನೆದರ್ಲೆಂಡ್ಸ್‌ನ ಒಂದು ಅಧ್ಯಯನದಲ್ಲಿ ಮೊದಲ ವರ್ಷದಲ್ಲಿ ಒಳ್ಳೆಯ ಪರಿಣಾಮ ಕಂಡಿತು. ಆದರೆ 2019ರಲ್ಲಿ ಪ್ರಕಟವಾದ ಸ್ವೀಡನ್ನಿನ ದೊಡ್ಡ ಅಧ್ಯಯನದಲ್ಲಿ ಬಲೆ ಇಟ್ಟವರಿಗೂ ಇಡದವರಿಗೂ ಒಂದು ವರ್ಷದ ನಂತರ ವ್ಯತ್ಯಾಸ ಕಾಣಲಿಲ್ಲ. ಅಂದಿನಿಂದ ತಜ್ಞರಲ್ಲಿ ಒಮ್ಮತವಿಲ್ಲ. ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಸೋಂಕಿನ ಸಂಭವವಿದ್ದಾಗ ಬಲೆ ಇಡಲು ಹಿಂಜರಿಯುವುದಕ್ಕೂ ಕಾರಣವಿದೆ. ಕಂಡಿಯನ್ನು ಬೇಕಾದಷ್ಟೇ ಚಿಕ್ಕದಾಗಿ ಮಾಡುವುದು, ಕೂತು, ನಿಂತು, ಬಾಗಿ ನೋಡಿ ಜಾಗವನ್ನು ಮೊದಲೇ ಗುರುತು ಹಾಕುವುದು, ಕರುಳನ್ನು ಹೊಟ್ಟೆಯ ಒಳಪೊರೆಯ ಹೊರಗಿನಿಂದ ಓರೆಯಾಗಿ ತರುವುದು ಇವೂ ಶಸ್ತ್ರಚಿಕಿತ್ಸಕರ ಕೈಯಲ್ಲಿರುವ ಉಪಾಯಗಳು. ಶಸ್ತ್ರಚಿಕಿತ್ಸೆಗೆ ಇನ್ನೂ ಹೋಗಬೇಕಾದವರು ಇವನ್ನು ಮೊದಲೇ ಕೇಳಿ ಚರ್ಚಿಸಲಿ. ನಿಮ್ಮ ತಂದೆಯವರ ಮಟ್ಟಿಗೆ ಆ ಹೊತ್ತು ಕಳೆದಿದೆ, ಹರ್ನಿಯಾ ಇಲ್ಲದೆ ಈಗ ಮತ್ತೆ ಹೊಟ್ಟೆ ತೆರೆದು ಬಲೆ ಇಡುವ ಅಗತ್ಯವಿಲ್ಲ.

ಚೀಲ ಬದಲಿಸುವಾಗ ಅಮ್ಮ ವಾರಕ್ಕೊಮ್ಮೆ ಒಂದು ಪರೀಕ್ಷೆ ಮಾಡಲಿ. ತಂದೆಯವರು ನಿಂತು ಒಮ್ಮೆ ಮೆಲ್ಲಗೆ ಕೆಮ್ಮುವಾಗ ಸ್ಟೋಮಾದ ಸುತ್ತ ಅಂಗೈ ಇಟ್ಟು, ಒಂದು ಬದಿ ಮುಂದೆ ತಳ್ಳಿದಂತಾಗುತ್ತದೆಯೇ ನೋಡಬೇಕು. ಮಲಗಿದಾಗ ಮಾಯವಾಗಿ ನಿಂತಾಗ ಕಾಣುವ ಉಬ್ಬು, ಇದ್ದಕ್ಕಿದ್ದಂತೆ ಚೀಲ ಸೋರಲು ಶುರುವಾಗುವುದು, ಸ್ಟೋಮಾದ ದುಂಡಗಿನ ಆಕಾರ ಬದಲಾಗಿ ಚೀಲದ ಪ್ಲೇಟಿನ (ಚರ್ಮಕ್ಕೆ ಅಂಟುವ ಭಾಗದ) ಕಂಡಿ ಹೊಂದದಿರುವುದು, ಎಳೆದಂಥ ನೋವು ಇವು ಹರ್ನಿಯಾದ ಮೊದಲ ಸೂಚನೆಗಳು. ಇದಕ್ಕೆ ಹೆದರಿ ಓಡಬೇಕಾಗಿಲ್ಲ, ಆ ವಾರದೊಳಗೆ ತೋರಿಸಿದರೆ ಸಾಕು. ಆದರೆ ಉಬ್ಬು ಗಟ್ಟಿಯಾಗಿ ಮಲಗಿದರೂ ಒಳಗೆ ಹೋಗದಿದ್ದರೆ, ತೀವ್ರ ನೋವು, ವಾಂತಿ, ಚೀಲಕ್ಕೆ ಮಲವೂ ಗಾಳಿಯೂ ಬಾರದಿರುವುದು ಅಥವಾ ಕೆಂಪಗಿರಬೇಕಾದ ಸ್ಟೋಮಾ ನೇರಳೆ, ಕಪ್ಪು ಬಣ್ಣಕ್ಕೆ ತಿರುಗಿದರೆ, ಅದು ರಾತ್ರಿಯಾಗಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಏನನ್ನೂ ತಿನ್ನಲು ಕುಡಿಯಲು ಕೊಡದೆ, 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸಾ ವಿಭಾಗವಿರುವ ಆಸ್ಪತ್ರೆಗೆ, ನಿಮ್ಮ ಕಡೆಯಿಂದಾದರೆ ಶಿವಮೊಗ್ಗದ ಮೆಗ್ಗಾನ್‌ಗೆ, ಕರೆದೊಯ್ಯಿರಿ. ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಕಾಗದ ಮತ್ತು ಎರಡು ಹೊಸ ಚೀಲ ಒಂದು ಕೈಚೀಲದಲ್ಲಿ ಬಾಗಿಲ ಹತ್ತಿರವೇ ಸದಾ ತೂಗುಹಾಕಿರಲಿ.